ಕೆಮ್ಮಿ ನಿಂತಿತೋ, ಒಮ್ಮೆಲೇ ನಿಂತಿತೋ

ಉಸ್ತಾದರು ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿ ನನಗೆ ಫೋನಿನಲ್ಲಿ ಹೇಳಿದ್ದು ಕರ್ಮಗಳೆಲ್ಲ ಮುಗಿದ ಮೇಲೆ. “ಮೊದಲ ಹೇಳಿದ್ರ ನೀ ರಜಾ ಹಾಕಿ ಓಡಿ ಬರ್ತಿದ್ದಿ, ಅದಕ್ಕ ಹೇಳಲಿಲ್ಲಪ್ಪ” ಎಂದರು. ಇದು ತರ್ಕಕ್ಕೆ ನಿಲ್ಲುವ ಮಾತಲ್ಲ. ಓಡಿ ಬರುವವನಿಗೇ ಅಲ್ಲವೇ ಮೊದಲು ಹೇಳಬೇಕಾದದ್ದು? ಹಾಗೆಂದು ಕೇಳಲು ತೆರೆದ ಬಾಯನ್ನು ಮುಚ್ಚಿಕೊಂಡೆ. ಆ ಮನೆಯವರ ಜೊತೆ ವಾದ ಮಾಡುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಯಾಕೆ ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೈದರಾಬಾದಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯೊಂದರಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಹಳೆಯ ಕಾರುಗಳ ಕರೆಂಟಿನ ಕೆಲಸ ಮಾಡುತ್ತಿದ್ದರು. ಎಲ್ಲರಿಗೂ ಅವರು ಉಸ್ತಾದ್. ಊರು ರಾಯಚೂರಿನ ಆಚೆ ಮಾನ್ವಿ. ಗಿರಾಕಿಗಳ ಜೊತೆ ದಖನಿ ಉರ್ದು, ಅಂಗಡಿಯವರ ಜೊತೆ ತೆಲುಗು, ಹೆಂಡತಿಯ ಜೊತೆ ಕನ್ನಡ. ಸಿಟ್ಟು ಬಂದರೆ ಮಾತ್ರ ಎದುರಿಗಿದ್ದವರು ಯಾರೇ ಆಗಿರಲಿ, ಕನ್ನಡ. ನನಗೂ ಅವರಿಗೂ ಪರಿಚಯವಾದದ್ದು ಆ ಸಿಟ್ಟಿನಿಂದಲೇ.

ಗಚ್ಚಿಬೌಲಿಯ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳವು. ಮೈಸೂರಿನಲ್ಲಿ ಓದು ಮುಗಿಸಿ, ಅಂತರ್ ಕಾಲೇಜು ಚರ್ಚಾಸ್ಪರ್ಧೆಗಳ ಕಪ್ಪುಗಳನ್ನೆಲ್ಲ ಅಮ್ಮನ ಷೋಕೇಸಿಗೆ ತುಂಬಿ, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ನಾನು ಬಂದು ಸೇರಿದ್ದೆ. ಮಣಿಕೊಂಡದಲ್ಲಿ ಇನ್ನೂ ಲಿಫ್ಟ್ ಕೂರಿಸಿರದ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಮನೆ. ನನ್ನ ಮ್ಯಾನೇಜರ್ ತೆಲುಗಿನವರು. ತಾತ ಯಾವಾಗಲೋ ಮಾರಿದ್ದ ಗುಂಡುಕಣ್ಣಿನ ಹಳೆಯ ಕಾರನ್ನು ಎಲ್ಲಿಂದಲೋ ಹುಡುಕಿ ತಂದು, ಒಂದು ವರ್ಷ ಕೂತು ರಿಪೇರಿ ಮಾಡಿಸಿದ್ದರು. ಕೆನೆಬಣ್ಣದ ಹೊಸ ಪೇಂಟು, ಹೊಸ ಸೀಟು, ಎಂಜಿನ್ನಿನ ಮೇಲೆ ಎಲೆ ಹಾಸಿ ಉಣ್ಣಬಹುದು ಅನ್ನುವಷ್ಟು ಚೊಕ್ಕಟ. ವೈರಿಂಗ್ ಪೂರ್ತಿ ಉಸ್ತಾದರದು. ಎಲ್ಲ ಸರಿ, ಆದರೆ ನಾಲ್ಕೈದು ದಿನಕ್ಕೊಮ್ಮೆ ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು.

“ಆ ಮನುಷ್ಯ ನನಗೆ ನಿಮ್ಮ ಭಾಷೆಯಲ್ಲಿ ಏನೋ ಬೈಯುತ್ತಿದ್ದಾನೆ. ಏನು ಅಂತ ಕೇಳಿಕೊಂಡು ಬಾ” ಎಂದು ಮ್ಯಾನೇಜರ್ ನನ್ನನ್ನು ಕಳಿಸಿದರು.

ಹೋದೆ. ಉಸ್ತಾದರು ಬಾಯಲ್ಲಿ ವೈರು ಕಚ್ಚಿಕೊಂಡು ಕೂತಿದ್ದರು. ಹಲ್ಲಿನಿಂದಲೇ ವೈರಿನ ಸಿಪ್ಪೆ ಸುಲಿದೂ ಸುಲಿದೂ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ನಕ್ಕಾಗ ಅದೇ ಮೊದಲು ಕಾಣುತ್ತಿತ್ತು.

“ನಿನ್ನ ಸಾಹೇಬಗ ಹೇಳು,” ಎಂದರು. “ಕಾಯಿಲೆ ಹೇಳಾಕ ಬಂದ್ರ ಬರ್ಲಿ. ಔಷಧ ಹೇಳಾಕ ಬರೂದು ಬ್ಯಾಡ. ಕಾಯಿಲ್ ಬದಲಿ ಮಾಡ್ರಿ, ಬ್ಯಾಟರಿ ಬದಲಿ ಮಾಡ್ರಿ... ನಾನೇನು ಬದಲಿ ಮಾಡಾವೇನು? ನಾ ಹುಡುಕಾವ.”

ಇದು ಅವರ ಇಡೀ ಜೀವನದ ನಿಲುವು. ತಪ್ಪು ಎಲ್ಲಿದೆ ಎಂದು ಗೊತ್ತಾಗದೆ ಒಂದು ಸ್ಕ್ರೂವನ್ನೂ ಬದಲಿಸುತ್ತಿರಲಿಲ್ಲ. ಹೊಸದು ಹಾಕಿದರೆ ಕಾರು ಓಡೀತು, ನಿಜ. ಆದರೆ ಆಗಿದ್ದೇನು ಅನ್ನುವುದು ಗೊತ್ತಾಗದೇ ಹೋಗುತ್ತದಲ್ಲ, ಅದು ಅವರಿಗೆ ಆಗದು. ಅವರ ಕೈಗೆ ಬಂದ ಯಾವ ಗಾಡಿಯೂ ಅಷ್ಟು ವರ್ಷಗಳಲ್ಲಿ ಹಾಗೆ ತಪ್ಪು ತಿಳಿಯದೆ ಹೊರಗೆ ಹೋಗಿರಲಿಲ್ಲವಂತೆ. ಕಣ್ಣು ಮಂಜಾಗುತ್ತಿತ್ತು. ಈ ಕಾರೊಂದನ್ನು ಕೊಟ್ಟು, ಶೆಡ್ಡು ಮುಚ್ಚಿ, ಮಾನ್ವಿಗೆ ಹೋಗುವುದೆಂದು ಗಂಡ ಹೆಂಡತಿ ಆಗಲೇ ನಿಶ್ಚಯಿಸಿದ್ದರು. “ಕಡೀದು ಇದ. ಇದನ್ನ ತಿಳೀದ ಹಂಗ ಬಿಟ್ಟು ಹೋದ್ರ ಅಲ್ಲಿ ಹೋಗಿ ನಾ ಏನ್ ನಿದ್ದಿ ಮಾಡ್ಲಿ?” ಎಂದಿದ್ದರು.

ಗಿರಾಕಿಗಳನ್ನು ಅವರು ಪ್ರಶ್ನಿಸುತ್ತಿದ್ದ ರೀತಿಯನ್ನು ಹೇಳಬೇಕು. ಹಳೆಯ ಬ್ಯಾಟರಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಗಿರಾಕಿಯನ್ನು ಕೂರಿಸುತ್ತಿದ್ದರು. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. “ನಿಂತಿದ್ದು ಹೇಳಬ್ಯಾಡ್ರಿ. ನಿಲ್ಲೂ ಮೊದಲ ಏನಾತು, ಅದನ್ನ ಹೇಳ್ರಿ.” ಒಮ್ಮೆ ಸಿಕಂದರಾಬಾದಿನಿಂದ ಬಂದ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರು ಮೀಸೆ ತಿರುವುತ್ತ ಬ್ಯಾಟರಿ ಹೋಗಿದೆಯೆಂದು ಘೋಷಿಸಿದರು. ಉಸ್ತಾದರು ಕಣ್ಣು ತೆರೆಯದೆಯೇ ದಖನಿಯಲ್ಲಿ, “ಬ್ಯಾಟರಿ ಆಕೇ ಬೋಲೀ ಕ್ಯಾ ಆಪ್‌ಕೋ?” ಎಂದರು. ಬ್ಯಾಟರಿಯೇ ಬಂದು ಹೇಳಿತೇ ನಿಮಗೆ? ಆ ಅಧಿಕಾರಿ ಆಮೇಲೆ ಶಾಲೆಯ ಹುಡುಗನಂತೆ, ಹಾರ್ನ್ ಮೆತ್ತಗಾಗಿದ್ದು, ಲೈಟು ಕೆಂಪಗಾಗಿದ್ದು, ಎಲ್ಲವನ್ನೂ ಒಂದೊಂದಾಗಿ ಒಪ್ಪಿಸಿದರು.

ನಾನು ಶನಿವಾರಗಳಲ್ಲಿ ಅಲ್ಲಿಗೆ ಹೋಗತೊಡಗಿದ್ದು ಮ್ಯಾನೇಜರರ ಕೆಲಸದ ಮೇಲೆ. ಆಮೇಲೆ ಹೋದದ್ದು ಜಗಳದ ರುಚಿಗೆ. ಕಚೇರಿಯಲ್ಲಿ ಯಾರೂ ವಾದಕ್ಕೆ ನಿಲ್ಲುತ್ತಿರಲಿಲ್ಲ, ಇವರು ನಿಲ್ಲುತ್ತಿದ್ದರು. ನನ್ನನ್ನು ‘ವಕೀಲ ಸಾಹೇಬ’ ಎಂದು ಕರೆಯುತ್ತಿದ್ದರು. ಮೊದಲ ದಿನವೇ ನಾನು ಅವರ ಟೆಸ್ಟಿಂಗ್ ಬಲ್ಬಿಗೆ ಹಚ್ಚಿದ್ದ ವಿಭೂತಿಯ ಮೇಲೆ ದಾಳಿ ಮಾಡಿದ್ದೆ.

“ವಿಭೂತಿಯಿಂದ ಕರೆಂಟ್ ಹರಿಯುತ್ತದೆಯೇ ಉಸ್ತಾದ್ರೇ?”

“ಹರಿಯಂಗಿಲ್ಲ.”

“ಮತ್ತೆ ಯಾಕೆ?”

“ವಿಭೂತಿ ದೇವರಿಗೆ, ಬಲ್ಬು ನನಗ. ಇಬ್ಬರ ಕೆಲಸ ಬ್ಯಾರೆ ಬ್ಯಾರೆ. ನಿಮ್ಮ ಸಾಹೇಬ ನೋಡು, ನಾಕೂ ಗಾಲಿಗೆ ನಿಂಬಿಹಣ್ಣು ಹಚ್ಚ್ಯಾನ. ಅವಗ ಹೇಳು ಹೋಗು ಈ ಭಾಷಣ.”

ಇನ್ನೊಂದು ದಿನ ನಾನು ನಮ್ಮ ಕಚೇರಿಯ ಪದ್ಧತಿಯನ್ನು ವಿವರಿಸಿದೆ. ಯಾರಾದರೂ ತಪ್ಪು ಇದೆ ಎಂದು ದೂರು ಕೊಟ್ಟರೆ ನಾವು ಪರೀಕ್ಷಿಸುತ್ತೇವೆ. ನಮ್ಮ ಮುಂದೆ ಆ ತಪ್ಪು ಮರುಕಳಿಸದಿದ್ದರೆ ‘ಮರುಕಳಿಸಲಿಲ್ಲ’ ಎಂದು ಬರೆದು ಆ ಕಡತವನ್ನು ಮುಚ್ಚುತ್ತೇವೆ. ಈ ಕಾರು ನಿಮ್ಮ ಮುಂದೆ ಒಮ್ಮೆಯೂ ನಿಂತಿಲ್ಲ. ಆದ್ದರಿಂದ ನಿಮ್ಮ ಮಟ್ಟಿಗೆ ತಪ್ಪು ಇಲ್ಲ. ಕೊಟ್ಟು ಕಳಿಸಿ.

ಅವರು ಬಹಳ ಆಸಕ್ತಿಯಿಂದ ಕೇಳಿದರು. “ನಿಮ್ಮ ಕಂಪ್ಯೂಟರ್ ನಿಂತ್ರ ಹಿಂದಿಂದ ಲಾರಿ ಬರ್ತಾವೇನು?”

“ಇಲ್ಲ.”

“ಅದಕ್ಕ ನಿಮಗ ಮುಚ್ಚಾಕ ಬರ್ತೈತಿ.”

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಇದು ದಾರಿ ತಪ್ಪಿಸುವ ಉತ್ತರವೆಂದು ನಾನು ಅಂಕ ಕೀಳಿಸುತ್ತಿದ್ದೆ. ಅಲ್ಲಿ ತೀರ್ಪುಗಾರರಿರಲಿಲ್ಲ. ಊಟದ ಡಬ್ಬಿ ಬಿಚ್ಚುತ್ತಿದ್ದ ಅವರ ಹೆಂಡತಿ ಮಾತ್ರ ಇದ್ದರು. ಅವರು ನಕ್ಕ ಕಡೆ ಗೆಲುವು.

ಅವರ ಕಷ್ಟವೇ ಅದು: ಅವರು ಕೂತರೆ ಕಾರು ನಿಲ್ಲುತ್ತಿರಲಿಲ್ಲ. ಕಣ್ಣು ಮುಚ್ಚಿ, ಕಿವಿ ನೆಟ್ಟು, ಟ್ಯಾಂಕ್ ಬಂಡಿನ ಸುತ್ತ ಎಷ್ಟು ಸುತ್ತು ಹೊಡೆದರೂ ಗಡಿಯಾರದಂತೆ ಓಡುತ್ತಿತ್ತು. ಇಳಿದು ಚಹಾ ಕುಡಿಯಲು ಹೋದರೆ ಮ್ಯಾನೇಜರರ ಕೈಯಲ್ಲಿ ನಿಲ್ಲುತ್ತಿತ್ತು. ಮ್ಯಾನೇಜರರ ಮಾತನ್ನೋ ಇವರು ಕೇಳುವುದನ್ನೇ ಬಿಟ್ಟಿದ್ದರು, ಯಾಕೆಂದರೆ ಅವರು ಎರಡನೇ ವಾಕ್ಯಕ್ಕೇ ಔಷಧಕ್ಕೆ ಬರುತ್ತಿದ್ದರು. ಇತ್ತ ಮ್ಯಾನೇಜರರ ತಾಳ್ಮೆಯೂ ಮುಗಿಯುತ್ತಿತ್ತು. ನಾಂಪಲ್ಲಿಯ ಮೈದಾನದಲ್ಲಿ ಪ್ರತಿ ಜನವರಿಗೆ ನಡೆಯುವ ವಸ್ತುಪ್ರದರ್ಶನದ ಮೈಕುಗಳು ಶೆಡ್ಡಿನ ತನಕ ಕೇಳುತ್ತಿದ್ದ ದಿನಗಳು. ಆ ಪ್ರದರ್ಶನ ಮುಗಿಯುವುದರೊಳಗೆ ಆಗದಿದ್ದರೆ ಕಾರನ್ನು ಎತ್ತಿಸಿ ಸಿಕಂದರಾಬಾದಿನ ದೊಡ್ಡ ವರ್ಕ್‌ಶಾಪಿಗೆ ಹಾಕುತ್ತೇನೆ, ಅವರು ಹಳೆಯದನ್ನೆಲ್ಲ ಕಿತ್ತು ಹೊಸ ಕಿಟ್ ಕೂರಿಸುತ್ತಾರೆ ಎಂದು ಹೇಳಿ ಕಳಿಸಿದರು. ಆ ಮಾತನ್ನು ತಂದು ಮುಟ್ಟಿಸಿದವನೂ ನಾನೇ.

ಉಸ್ತಾದರು ನನ್ನನ್ನು ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂರಿಸಿದರು.

“ನಾ ಕುಂತ್ರ ಅದು ಸಾಯಂಗಿಲ್ಲ. ನೀ ಕೂಡು. ನಿನ್ನ ಸಾಹೇಬ ಗಾಡಿ ಹೊಡೀಲಿ, ನೀ ಬಾಜೂ ಕೂಡು. ಎರಡ ಮಾತು ನೋಡಿಕೊಂಡು ಬಾ. ಕೆಮ್ಮಿ ನಿಂತಿತೋ, ಒಮ್ಮೆಲೇ ನಿಂತಿತೋ? ನಿಲ್ಲೂ ಮುಂದ ಈ ಮುಳ್ಳು ನಡಗತಿತ್ತೋ, ಸುಮ್ಮ ಇತ್ತೋ?”

ಮುಳ್ಳು ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಕರೆಂಟಿನ ಹರಿವು ತೋರಿಸುವ ಸಣ್ಣ ಮೀಟರಿನ ಮುಳ್ಳು. ಒಮ್ಮೆಲೇ ನಿಂತು ಮುಳ್ಳೂ ಸುಮ್ಮನಿದ್ದರೆ ಕರೆಂಟು ಕೀಲಿಯಿಂದ ಕಾಯಿಲ್ ಅನ್ನುವ ತಾಮ್ರದ ಸುರುಳಿಗೆ ಹೋಗುವ ದಾರಿಯಲ್ಲೇ ಕಡಿಯುತ್ತಿದೆ. ಕೆಮ್ಮಿ ನಿಂತು ಮುಳ್ಳು ನಡುಗುತ್ತಿದ್ದರೆ ಕರೆಂಟು ಅಲ್ಲಿಯವರೆಗೆ ಹೋಗುತ್ತಿದೆ, ತಪ್ಪು ಇರುವುದು ಅದರಾಚೆ, ಕಿಡಿ ಹುಟ್ಟಿಸುವ ಕಡೆ. ಇಷ್ಟೇ. ಕಾರನ್ನು ಅರ್ಧಕ್ಕೆ ಸೀಳಿ, ಯಾವ ಅರ್ಧದಲ್ಲಿ ಹುಡುಕಬೇಕೆಂದು ಹೇಳುವ ಎರಡು ಪ್ರಶ್ನೆ. ಇದಕ್ಕಿಂತ ಚೆಂದದ ತರ್ಕವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿರಲಿಲ್ಲ.

“ಬಾಯಿ ಮುಚ್ಚಿಕೊಂಡು ಕೂಡು ಮತ್ತ, ವಕೀಲ ಸಾಹೇಬ” ಎಂದರು.

ಮೊದಲ ಮೂರು ಸವಾರಿಗಳಲ್ಲಿ ಹಾಗೇ ಕೂತೆ. ಏನೂ ಆಗಲಿಲ್ಲ. ನಾಲ್ಕನೆಯದರಲ್ಲಿ ಮ್ಯಾನೇಜರ್ ಸ್ಟಿಯರಿಂಗ್ ಸವರುತ್ತ, ಇದು ನನ್ನ ತಾತ ಓಡಿಸಿದ್ದ ಕಾರು ಕಣಯ್ಯಾ ಎಂದು ಭಾವುಕರಾದರು. ಅಲ್ಲ ಅಂದೆ. ಬಾಗಿಲು ಬೇರೆ, ಸೀಟು ಬೇರೆ, ನೆಲದ ತಗಡು ಬೇರೆ, ವೈರು ಬೇರೆ, ಬಣ್ಣ ಬೇರೆ. ತಾತನ ಕೈ ಮುಟ್ಟಿದ್ದು ಯಾವುದು ಉಳಿದಿದೆ, ತೋರಿಸಿ ಸರ್. ಅವರು ಸ್ಟಿಯರಿಂಗ್ ಅಂದರು. ಸ್ಟಿಯರಿಂಗಿನ ಮೇಲಿನ ಹೊದಿಕೆ ಹೊಸದು ಅಂದೆ. ಹಾಗಾದರೆ ಆತ್ಮ ಅಂದರು. ಬಂದರು ನನ್ನ ಬಲೆಗೆ! ನಾನು ಸೀಟಿನಲ್ಲಿ ಅವರ ಕಡೆ ಪೂರ್ತಿ ತಿರುಗಿ, ಬೆರಳು ಮಡಿಸುತ್ತ, ನಾಲ್ಕನೆಯ ಅಂಶವನ್ನು ಮುಗಿಸಿ ಐದನೆಯದಕ್ಕೆ ಹೊರಟಿದ್ದೆ. ಆಗ ನೋಡಿದರೆ ಕಾರು ಲಕಡಿ ಕಾ ಪುಲ್ ಹತ್ತಿರ ರಸ್ತೆಯ ಪಕ್ಕದಲ್ಲಿ ನಿಂತಿತ್ತು.

ಯಾವಾಗ ನಿಂತಿತು? ಹೇಗೆ ನಿಂತಿತು? ನನಗೆ ಗೊತ್ತಿರಲಿಲ್ಲ. ಮುಳ್ಳಿನ ಕಡೆ ನಾನು ನೋಡಿಯೇ ಇರಲಿಲ್ಲ.

ಮ್ಯಾನೇಜರ್ ಕಾರನ್ನು ಶೆಡ್ಡಿಗೆ ತಂದು ಬಿಟ್ಟು ಆಟೋ ಹಿಡಿದು ಹೋದ ಮೇಲೆ ಉಸ್ತಾದರು ಚಹಾದ ಲೋಟವನ್ನು ಕೆಳಗಿಟ್ಟು ಎದ್ದು ಬಂದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. “ನಿಂತಿತೇನು?” ಕನ್ನಡಕ ತೆಗೆದರು. ಕಣ್ಣು ಮುಚ್ಚಿದರು. “ಹೇಳು.”

ಇಲ್ಲಿ ನಾನು ನನ್ನ ಪರವಾಗಿ ಒಂದೇ ಮಾತು ಹೇಳಬಲ್ಲೆ. ಅದೂ ಸಮರ್ಥನೆಯಲ್ಲ. ವೇದಿಕೆಯ ಮೇಲೆ ಪ್ರಶ್ನೆ ಬಂದಾಗ ತಡವರಿಸಬಾರದು ಎಂದು ನನ್ನನ್ನು ಪಳಗಿಸಿದ್ದರು. ಗೊತ್ತಿಲ್ಲದಿದ್ದರೂ ಖಚಿತವಾಗಿ ಹೇಳು, ತಡವರಿಸಿದರೆ ಸೋತೆ. ಐದು ವರ್ಷ ಅದನ್ನೇ ಅಭ್ಯಾಸ ಮಾಡಿದ ನಾಲಿಗೆ ನನ್ನನ್ನು ಕೇಳಲೇ ಇಲ್ಲ.

“ಒಮ್ಮೆಲೇ ನಿಂತಿತು ಉಸ್ತಾದ್ರೇ. ಮುಳ್ಳು ಸುಮ್ಮನಿತ್ತು. ಒಂದು ಚೂರೂ ಅಲುಗಲಿಲ್ಲ.”

ಆ ‘ಒಂದು ಚೂರೂ’ ಅನ್ನುವುದನ್ನು ಯಾರೂ ಕೇಳಿರಲಿಲ್ಲ. ನಂಬಿಕೆ ಬರಲಿ ಎಂದು ನಾನೇ ಸೇರಿಸಿದ್ದು.

ಅವರು ಕಣ್ಣು ತೆರೆದು ನನ್ನ ಭುಜದ ಮೇಲೆ ಕೈಯಿಟ್ಟರು. ಗ್ರೀಸಿನ ಕೈ ಎಂದು ನೆನಪಾಗಿ ತೆಗೆದುಕೊಂಡರು. “ಇದಕ್ಕ ಅಂತಾರ ನೋಡು ಸಾಕ್ಷಿ” ಎಂದರು ಹೆಂಡತಿಯ ಕಡೆ ತಿರುಗಿ.

ಅಂದಿನಿಂದ ಅವರು ಡ್ಯಾಶ್‌ಬೋರ್ಡಿನ ಅಡಿಗೆ ಇಳಿದರು. ಕೀಲಿಯಿಂದ ಕಾಯಿಲಿನವರೆಗಿನ ದಾರಿ. ಎರಡು ಸೀಟು ಕಳಚಿ, ನೆಲದ ಮೇಲೆ ಅಂಗಾತ ಮಲಗಿ, ಹಲ್ಲಲ್ಲಿ ಟಾರ್ಚು ಕಚ್ಚಿ, ತಾವೇ ಕಟ್ಟಿದ ವೈರಿನ ಜಡೆಯನ್ನು ಬಿಚ್ಚಿ ಒಂದೊಂದು ಎಳೆಯನ್ನೂ ಬಗ್ಗಿಸಿ, ಎಳೆದು, ಅಲುಗಿಸಿ ನೋಡುವುದು. ಪ್ರತಿ ಬೆಸುಗೆಯನ್ನೂ ಕರಗಿಸಿ ಮತ್ತೆ ಹಾಕುವುದು. ನಾನು ಹೋದಾಗಲೆಲ್ಲ ಕಾರಿನ ಬಾಗಿಲಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಎತ್ತಿ ಹಿಡಿದ ಕೈ ಸೋತರೆ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೆಲಸ ಮಾಡುತ್ತಿದ್ದರು.

“ಮಧ್ಯಾಹ್ನದ ರೊಟ್ಟಿ ಹಂಗ ವಾಪಸ್ ಬರಾಕತ್ತೈತಿ” ಎಂದು ಅವರ ಹೆಂಡತಿ ನನ್ನ ಬಳಿ ದೂರಿದರು. “ಸಾಕು ಬಿಡ್ರಿ, ಊರಿಗೆ ಹೋಗೂಣು ಅಂದ್ರ, ಆ ಹುಡುಗ ಕಣ್ಣಾರೆ ನೋಡ್ಯಾನ, ಇಲ್ಲೇ ಐತಿ ಅಂತಾರ. ನೀನರ ಹೇಳಪ್ಪ.”

ಹೇಳಬಹುದಿತ್ತು. ಒಂದೇ ವಾಕ್ಯ. ಪ್ರತಿ ಶನಿವಾರವೂ ಬಸ್ಸಿನಲ್ಲಿ ಆ ವಾಕ್ಯವನ್ನು ತಯಾರು ಮಾಡಿಕೊಂಡು ಬರುತ್ತಿದ್ದೆ. ಆ ಎರಡು ಕಾಲುಗಳನ್ನು ನೋಡಿದ ಕೂಡಲೇ ನನ್ನೊಳಗಿನ ವಕೀಲ ಎದ್ದು ನಿಲ್ಲುತ್ತಿದ್ದ. ಇರುವುದು ಎರಡೇ ಸಾಧ್ಯತೆ. ನೀನು ಹೇಳಿದ್ದು ನಿಜವೇ ಆಗಿರಬಹುದು. ಅಲ್ಲವೆಂದು ಸಾಬೀತಾಗಿಲ್ಲ. ಇವತ್ತು ಸಿಕ್ಕರೂ ಸಿಕ್ಕೀತು. ನಾನು ಇಷ್ಟು ಚೆನ್ನಾಗಿ ವಾದ ಮಾಡಿದ್ದು ಇನ್ನೆಲ್ಲೂ ಇಲ್ಲ. ಉಸ್ತಾದರಿಗೆ ಚಹಾ ತಂದುಕೊಟ್ಟು ವಾಪಸ್ ಬರುತ್ತಿದ್ದೆ.

ಪ್ರದರ್ಶನದ ಮೈಕುಗಳು ನಿಂತ ಮರುದಿನ ಮ್ಯಾನೇಜರ್ ಎತ್ತುವ ಲಾರಿ ತಂದರು. ಉಸ್ತಾದರು ಅಡಿಯಿಂದ ಹೊರಗೆ ಬಂದು, ಇನ್ನೆರಡು ದಿನ ಕೊಡಿ ಎಂದು ದಖನಿಯಲ್ಲಿ ಕೇಳಿದರು. ಸಿಟ್ಟಿರಲಿಲ್ಲವಾದ್ದರಿಂದ ಕನ್ನಡ ಬರಲಿಲ್ಲ. ಮ್ಯಾನೇಜರ್ ಕೆಟ್ಟವರೇನಲ್ಲ. ಎರಡೂ ಕೈ ಜೋಡಿಸಿ, “ಸಾಕು ಉಸ್ತಾದ್, ನಿಮ್ಮ ಆರೋಗ್ಯ ನೋಡಿಕೊಳ್ಳಿ” ಅಂದರು. ಸರಪಳಿ ಬಿಗಿದು ಕಾರನ್ನು ಮೇಲೆತ್ತುವಾಗ ಬಿಚ್ಚಿದ ವೈರುಗಳು ಬಾಗಿಲಿನಿಂದ ನೇತಾಡುತ್ತಿದ್ದವು. ಉಸ್ತಾದರು ಹೋಗಿ ಅವನ್ನು ಒಳಗೆ ಮಡಚಿ ಇಟ್ಟು ಬಾಗಿಲು ಹಾಕಿ ಬಂದರು.

ಲಾರಿ ಹೊರಡುವ ಮುಂಚೆ ಮ್ಯಾನೇಜರ್ ನನ್ನ ಪಕ್ಕ ನಿಂತು ಹೇಳಿದರು: “ಪಾಪ, ಅಲ್ಲಿ ಏನು ಹುಡುಕುತ್ತಿದ್ದರೋ. ಆ ದಿನ ಲಕಡಿ ಕಾ ಪುಲ್ ಹತ್ತಿರ ನನ್ನ ತಾತನ ಹಾಗೆ ಕೆಮ್ಮಿ ಕೆಮ್ಮಿ ನಿಂತಿತಲ್ಲ. ಪೆಟ್ರೋಲಿನ ತೊಂದರೆ ಇರಬೇಕು ಅಂತ ನನಗೆ ಆಗಲೇ ಅನ್ನಿಸಿತ್ತು.”

“ಕೆಮ್ಮಿತೇ ಸರ್?”

“ಸಿಗ್ನಲಿನಿಂದ ಸೇತುವೆಯವರೆಗೂ ಕೆಮ್ಮಿತು. ನುವ್ವು ಮಾಟ್ಲಾಡುತೂನೇ ಉನ್ನಾವು ಗದಾ.” ನೀನು ಮಾತಾಡುತ್ತಲೇ ಇದ್ದೆಯಲ್ಲ, ಎಂದು ನಕ್ಕು ಲಾರಿ ಹತ್ತಿದರು.

ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಉಸ್ತಾದರಿಗೆ ಹೇಳಿದೆ. ನಾನು ನೋಡಿರಲಿಲ್ಲ, ಕೇಳಿರಲಿಲ್ಲ, ಸುಳ್ಳು ಹೇಳಿದ್ದೆ, ಅದು ಕೆಮ್ಮಿ ನಿಂತಿತ್ತಂತೆ. ಬೈಯಲಿ ಎಂದು ಕಾದೆ. ಹೊಡೆಯಲಿ ಎಂದೂ ಅಂದುಕೊಂಡೆ.

ಉಸ್ತಾದರ ಮುಖ ಅರಳಿತು. ನನಗೆ ಇಂದಿಗೂ ತಡೆಯಲಾಗದ್ದು ಅದೇ.

“ಕೆಮ್ಮಿತಾ? ಎಷ್ಟ ಹೊತ್ತು? ಹಿಂದ ಸೈಲೆನ್ಸರಿನ್ಯಾಗ ಠುಸ್ ಠುಸ್ ಅಂತಿತ್ತೇನು? ಬಿಸಿ ಆದ ಮ್ಯಾಲನ? ಅಂದ್ರ ಕಿಡಿ ಕಡೇದು, ಕಂಡೆನ್ಸರ್! ಅದು ತಣ್ಣಗ ಇದ್ದಾಗ ಏನ್ ಮಾಡಿದ್ರೂ ಸುಳ್ಳು ಹೇಳ್ತೈತಿ. ಬಿಸಿ ಮಾಡಿ ನೋಡಬೇಕು. ಹತ್ತು ನಿಮಿಷದ ಕೆಲಸ...” ಎನ್ನುತ್ತ ಕಾರಿನ ಕಡೆ ತಿರುಗಿದರು. ಕಾರು ಇರಲಿಲ್ಲ. ನೆಲದ ಮೇಲೆ ಎಣ್ಣೆಯ ಚೌಕ ಇತ್ತು.

ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತರು. “ಇರಬೇಕು,” ಎಂದರು. ಟೆಸ್ಟಿಂಗ್ ಬಲ್ಬಿನ ವೈರು ಸುತ್ತಿಡುತ್ತ, “ಇರಬೇಕು ಅಂದ್ರ ಆತೇನು? ಕಂಡಂಗಾತೇನು?”

ಮ್ಯಾನೇಜರರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ತೆಗೆಯಲಿಲ್ಲ. ಮರುದಿನ ಕಚೇರಿಯಲ್ಲಿ ಕೇಳಿದಾಗ, ಇನ್ನು ಆ ಕಾರಿನ ಮಾತು ಬೇಡ ಕಣಪ್ಪಾ ಎಂದರು. ಆ ವಾರವೇ ಉಸ್ತಾದರು ಶೆಡ್ಡು ಖಾಲಿ ಮಾಡಿ ಮಾನ್ವಿಗೆ ಹೋದರು. ಹೋಗುವಾಗ ಕೇಳಿದ್ದು ಒಂದೇ: “ಆ ಕಂಡೆನ್ಸರ್ ಸಿಕ್ರ ನೋಡು. ಬಿಸಿ ಮಾಡಿ ನೋಡಿ ನನಗ ಹೇಳು.” ಹೇಗೆ ನೋಡಬೇಕೆಂದೂ ಹೇಳಿಕೊಟ್ಟರು: ಬಿಸಿ ಮಾಡಿದಾಗ ಟೆಸ್ಟಿಂಗ್ ಬಲ್ಬು ಹತ್ತಿದರೆ ಅದು ಕೆಟ್ಟಿದೆ.

ನಾನು ಸಿಕಂದರಾಬಾದಿಗೆ ಹೋಗುವಷ್ಟರಲ್ಲಿ ಹೊಸ ಕಿಟ್ ಕೂರಿಸಿಯಾಗಿತ್ತು. ಕಾರು ಚೆನ್ನಾಗಿ ಓಡುತ್ತಿತ್ತು. ಹಳೆಯದೆಲ್ಲಿ ಎಂದು ಕೇಳಿದೆ. ಅಲ್ಲಿಯವನು ಒಂದು ತಗಡಿನ ಡಬ್ಬ ತೋರಿಸಿದ. ಅದರ ತುಂಬ ಕಂಡೆನ್ಸರುಗಳು. ಕಿರುಬೆರಳಿನ ತುದಿಯಷ್ಟು ದಪ್ಪದ ಪುಟ್ಟ ಪುಟ್ಟ ಉರುಳೆಗಳು, ಎಲ್ಲವೂ ಒಂದೇ ಥರ, ಎಲ್ಲದಕ್ಕೂ ಒಂದೊಂದು ಬಾಲ. ಯಾವ ಕಾರಿನದು ಯಾವುದು ಅನ್ನುವ ಗುರುತು ಯಾವುದರ ಮೇಲೂ ಇರಲಿಲ್ಲ. ಡಬ್ಬದಲ್ಲಿ ಕೈಯಾಡಿಸಿದೆ. ಕೆಟ್ಟಿದ್ದು ಸಿಕ್ಕರೂ ಅದು ನಮ್ಮದೆಂದು ಹೇಗೆ ಹೇಳುವುದು? ಕೆಟ್ಟದ್ದಕ್ಕೇ ಅಲ್ಲವೇ ಅವೆಲ್ಲ ಅಲ್ಲಿಗೆ ಬಂದದ್ದು? ವಾದಕ್ಕೆ ಎದುರಾಳಿಯೇ ಇಲ್ಲದ ಜಾಗ ಅದು. ಬರಿಗೈಯಲ್ಲಿ ಬಂದೆ.

ಮಾನ್ವಿಯಲ್ಲಿ ಅವರ ಮನೆಯ ಪಕ್ಕದ ಅಂಗಡಿಗೆ ಫೋನ್ ಮಾಡಿದರೆ ಕರೆಯುತ್ತಿದ್ದರು. ಅವರಿಗೆ ಮೈ ಸರಿಯಿಲ್ಲ, ನಿದ್ದೆ ಹತ್ತುತ್ತಿಲ್ಲ ಎಂದು ಅವರ ಹೆಂಡತಿ ಆಗಲೇ ಹೇಳಿದ್ದರು. ನಾನು ಎರಡು ದಿನ ಯೋಚಿಸಿದೆ. ಮೊದಲಿನ ಸುಳ್ಳು ನನ್ನ ಮರ್ಯಾದೆಗಾಗಿ. ಇನ್ನೊಂದು ಹೇಳಿದರೆ ಅದು ಅವರ ನಿದ್ದೆಗಾಗಿ. ಇದಕ್ಕೆ ಯಾರ ಆಕ್ಷೇಪವಿದೆ? ನಾನೇ ಕೇಳಿಕೊಂಡೆ, ನಾನೇ ಗೆದ್ದೆ.

“ಉಸ್ತಾದ್ರೇ, ಸಿಕ್ಕಿತು,” ಅಂದೆ. “ಕಂಡೆನ್ಸರೇ. ನೀವು ಹೇಳಿದ ಹಾಗೆ ಬಿಸಿ ಮಾಡಿ ನೋಡಿದೆ. ಬಿಸಿಯಾದ ತಕ್ಷಣ ಬಲ್ಬು ಹತ್ತಿತು, ತಣ್ಣಗಾದ ಮೇಲೆ ಆರಿತು. ಅದೇ ತಪ್ಪು.”

ಆ ಕಡೆ ಅಂಗಡಿಯ ರೇಡಿಯೋ ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿದ್ದಾರೆ ಎಂದು ನನಗೆ ಇಲ್ಲಿಂದಲೇ ಕಂಡಿತು.

“ಅದರ ಬಾಲಕ್ಕ ನಾ ಒಂದು ಬಣ್ಣದ ದಾರ ಸುತ್ತಿದ್ದೆ,” ಎಂದರು. “ಯಾವ ಬಣ್ಣ?”

ಹೊರಗೆ ಲಾರಿಗಳು ಜಲ್ಲಿ ಸುರಿಯುತ್ತಿದ್ದವು. ನನ್ನ ಬಾಯಿಗೆ ಕೆಂಪು ಬಂತು, ಹಳದಿ ಬಂತು. ಡಬ್ಬದಲ್ಲಿ ಯಾವ ದಾರವನ್ನೂ ಕಂಡ ನೆನಪಿರಲಿಲ್ಲ. ದಾರ ಸುತ್ತಿದ್ದರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಒಂದೂ ಹೊರಗೆ ಬರಲಿಲ್ಲ.

“ಇರ್ಲಿ ಬಿಡಪ,” ಎಂದರು. “ಊಟ ಆತೇನು?”

ಆಗಿರಲಿಲ್ಲ. ಆಯಿತು ಅಂದೆ.